ಮಾವನ ಮಿದುಳಿನ ಕೆಂಪು ಚುಕ್ಕಿ

ಎಲ್ಲದಕ್ಕೂ ಕಾರಣ ಮಾವ ಬೆಳಗ್ಗೆ ಕೇಳಿದ ಒಂದೇ ಒಂದು ಪ್ರಶ್ನೆ. "ಅಳಿಯಂದ್ರೇ, ನೀವು ಮಾಡ್ತಿರೋದು ಕೆಲ್ಸಾನಾ, ಇಲ್ಲಾ ಹೊತ್ತು ಕಳೆಯೋ ಹವ್ಯಾಸಾನಾ?"

ಮದುವೆಗಳಲ್ಲಿ ಫೋಟೊ ತೆಗೆಯುತ್ತಿದ್ದ ಅಳಿಯ ಈಚೆಗೆ ಮಿದುಳಿನ ಸಂಶೋಧನಾಲಯದಲ್ಲಿ ತರಬೇತಿಗೆ ಸೇರಿದ್ದ. ಸ್ಕ್ಯಾನಿಗೆ ಮಲಗಿದವರಿಗೆಲ್ಲ "ಸ್ವಲ್ಪ ನಗಿ" ಎನ್ನುವ ಹಳೇ ಚಾಳಿ ಬಿಡದೆ, ಅಲ್ಲಿ ಎಲ್ಲರ ಬಾಯಲ್ಲಿ 'ಕ್ಲಿಕ್ಕು' ಆಗಿಬಿಟ್ಟಿದ್ದ. ಇವತ್ತು ಅವನೊಬ್ಬನೇ ಒಂದು ಸ್ಕ್ಯಾನ್ ಮಾಡಿ, ಫಲಿತಾಂಶ ತೆಗೆದು ಸಂಶೋಧನಾಲಯದ ಮುಖ್ಯಸ್ಥೆ ಮೇಡಂಗೆ ತೋರಿಸಬೇಕು. ಸರಿಯಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಮಾವನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಮಾವನ ಕಣ್ಣೆದುರಿಗೇ ಕೂತು, ದಿನವಿಡೀ ಮೊಳೆ ತೂಗಬೇಕು.

"ನೀವೇ ಬಂದು ಮಲಗಿ ನೋಡಿ ಮಾವ" ಎಂದು ಅವರನ್ನೇ ಕರೆದದ್ದು ಧೈರ್ಯವೋ, ಗ್ರಹಚಾರವೋ!

ದಿನದ ವಾಡಿಕೆಯಂತೆ ಕ್ಲಿಕ್ಕು ಮೊದಲು ನೀರು ತುಂಬಿದ ಚೆಂಡೊಂದನ್ನು ಯಂತ್ರದೊಳಗಿಟ್ಟು, ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಿದ. ಆಮೇಲೆ ಮಾವನ ಸರದಿ. ಯಂತ್ರವೆಂದರೆ ಭಾರಿ ಅಯಸ್ಕಾಂತ. ಒಳಗೆ ಕಬ್ಬಿಣ ಒಯ್ಯುವಂತಿಲ್ಲ. ಮಾವನ ಜೇಬುಗಳಿಂದ ಸ್ಕ್ರೂ, ನಟ್ಟು, ಬೋಲ್ಟು, ಕೊನೆಗೆ ಒಂದು ಚಿಲಕವೂ ಹೊರಬಂತು.

"ಯಜಮಾನ್ರೇ, ಬಾಗಿಲು ಮನೇಲೇ ಬಿಟ್ಟು ಬಂದ್ರಾ?" ಎಂದ ಕಾವಲುಗಾರ.

ಕ್ಲಿಕ್ಕು ತಾನು ಕಲಿತ ಪಾಠ ಒಪ್ಪಿಸಿದ. "ಮಿದುಳಲ್ಲಿ ಯಾವ ಜಾಗ ಕೆಲ್ಸ ಮಾಡುತ್ತೋ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತೆ ಮಾವ. ಪರದೆ ಮೇಲೆ ಗುಣಾಕಾರ ಬಂದ್ರೆ ಮನಸ್ಸಲ್ಲೇ ಮಾಡಿ, ಪರದೆ ಖಾಲಿಯಾದ್ರೆ ಸುಮ್ನಿರಿ. ಎರಡಕ್ಕೂ ಇರೋ ವ್ಯತ್ಯಾಸ ನೋಡಿದ್ರೆ ಲೆಕ್ಕ ಮಾಡೋ ಜಾಗ ಸಿಗುತ್ತೆ. ತಲೆ ಮಾತ್ರ ಅಲ್ಲಾಡಿಸ್ಬೇಡಿ."

"ಹುಟ್ಟಿದಾಗಿಂದ ಅಂಗಡೀಲಿ ಕೂತವ್ನಿಗೆ ಲೆಕ್ಕ ಹೇಳ್ಕೊಡ್ತೀರಾ? ಸರೀರಿ ಆಕಡೆ."

ಯಂತ್ರ ಡಬಡಬ, ಕಿರ್ರೋ ಎಂದು ಕಿವಿ ಕಿತ್ತುಹೋಗುವಂತೆ ಅರಚಿತು. ಮಾವ ಮಾತ್ರ ಕಲ್ಲಿನಂತೆ ಮಲಗಿದ್ದರು. ಕ್ಲಿಕ್ಕುವಿಗೆ ಮದುವೆಯಾದ ಮೇಲೆ ಮೊದಲ ಸಲ ಮಾವನ ಮೇಲೆ ಪ್ರೀತಿ ಉಕ್ಕಿತು.

ಆ ಪ್ರೀತಿ ಕಂಪ್ಯೂಟರಿನ ಮುಂದೆ ಕೂರುವವರೆಗೆ ಮಾತ್ರ. ರಕ್ತ ಜಾಸ್ತಿ ಹರಿದ ಜಾಗಕ್ಕೆ ಬೀಳುವ ಚುಕ್ಕಿಗಳನ್ನು ಅದು ತನ್ನಲ್ಲಿದ್ದ ಮಾದರಿ ಮಿದುಳಿನ ಚಿತ್ರದ ಮೇಲೆ ಹಾಕಿ ತೋರಿಸಬೇಕು. ನೋಡಿದರೆ ಒಂದು ಚುಕ್ಕಿಯೂ ಇಲ್ಲ! ಮಾವ ಹೊರಗೆ ಚಹಾ ಕುಡಿಯುತ್ತ ಕಾಯುತ್ತಿದ್ದಾರೆ. 'ನಿಮ್ಮ ತಲೆಯಲ್ಲಿ ಏನೂ ಇಲ್ಲ' ಎಂದು ಮಾವನಿಗೆ ಹೇಳುವ ಅಳಿಯ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ.

ಟೈಪಿಸ್ಟ್ ಇಣುಕಿದಳು. "ಜರಡಿ ಸಡಿಲ ಮಾಡು ಕ್ಲಿಕ್ಕಣ್ಣ. ನಿನಗಿಂತ ಮುಂಚೆ ಇದ್ದವ್ನು ಹಾಗೇ ಮಾಡ್ತಿದ್ದ."

"ಅವನು ಈಗೆಲ್ಲಿ?"

"ಗೊತ್ತಿಲ್ಲಪ್ಪ. ಒಂದಿನ ಬರ್ಲೇ ಇಲ್ಲ."

ಜರಡಿ ಎಂದರೆ ಆಕಸ್ಮಿಕವಾಗಿ ಬೀಳುವ ಸುಳ್ಳು ಚುಕ್ಕಿಗಳನ್ನು ತಡೆಯುವ ಅಳತೆ. ಅದನ್ನು ಮುಟ್ಟಕೂಡದೆಂದು ಮೇಡಂ ಮೊದಲ ದಿನವೇ ತಾಕೀತು ಮಾಡಿದ್ದರು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ತಾನೆ? ಸ್ವಲ್ಪ ಸಡಿಲಿಸಿದ. ಏನೂ ಇಲ್ಲ. ಇನ್ನೂ ಸ್ವಲ್ಪ. ಟಪ್ಪನೆ ಒಂದು ಕೆಂಪು ಚುಕ್ಕಿ!

"ಅದು ಸಿಟ್ಟಿನ ಜಾಗ" ಎಂದಳು ಟೈಪಿಸ್ಟ್. "ಅಲ್ಲ, ಚಿಲಕದ್ದು" ಎಂದ ಕಾವಲುಗಾರ. ಗದ್ದಲ ಕೇಳಿ ಒಳಬಂದ ಮಾವ ಪರದೆಗೆ ಮೂಗು ತಾಗಿಸಿದರು.

"ಆಹಾ! ಇದೇ ಕಣ್ರೀ ನನ್ನ ಹದಿನೇಳರ ಮಗ್ಗಿ!" ಎಂದು ಮಗಳಿಗೆ ಫೋನು ಹಚ್ಚಲು ಹೊರಗೋಡಿದರು.

ಅಷ್ಟರಲ್ಲಿ ಮೇಡಂ ಬಂದರು. ಕನ್ನಡಕ ಏರಿಸಿ ಫೈಲಿನ ಹೆಸರು ನೋಡಿದರು.

"ಇದು ಯಾರ ಮಿದುಳು ಕ್ಲಿಕ್ಕು?"

"ನಮ್ಮ ಮಾವಂದು ಮೇಡಂ."

"ಅಲ್ಲಪ್ಪ, ಇದು ಬೆಳಗಿನ ನೀರಿನ ಚೆಂಡು. ಫೈಲು ಅದಲುಬದಲು ಮಾಡಿದೀಯ. ಜರಡಿ ಬೇರೆ ಸಡಿಲ ಮಾಡಿ, ಚೆಂಡಿಗೂ ಮಗ್ಗಿ ಕಲಿಸಿಬಿಟ್ಯಲ್ಲೋ!"

ಕ್ಲಿಕ್ಕುವಿನ ಕಣ್ಣಮುಂದೆ ತಕ್ಕಡಿ ತೂಗಾಡಿತು. ಮೇಡಂ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಇನ್ನೊಂದ್ಸಲ ಜರಡಿ ಮುಟ್ತೀಯಾ?"

"ಏಳು ಜನ್ಮಕ್ಕೂ ಇಲ್ಲ ಮೇಡಂ!"

"ಸರಿ, ಕೆಲ್ಸ ಕಾಯಂ. ನಿನ್ನ ಕಳಿಸಿ ಹೊಸಬರನ್ನ ತಂದ್ರೆ ಈ ಪಾಠ ಮತ್ತೆ ಚೆಂಡಿಂದ ಶುರು ಮಾಡ್ಬೇಕು."

ಬದುಕಿದೆಯಾ ಬಡಜೀವವೇ! ಕ್ಲಿಕ್ಕುವಿಗೆ ಎದೆ ಮೇಲಿನ ಬಂಡೆ ಇಳಿದಂತಾಯಿತು. ಅಂಗಡಿ ತಪ್ಪಿತು, ಮೊಳೆ ತಪ್ಪಿತು, ಹಗಲಿಡೀ ಮಾವನ ಮುಖ ನೋಡುವುದೂ ತಪ್ಪಿತು. ಸಂತೋಷಕ್ಕೆ ಟೈಪಿಸ್ಟಿಗೂ ಕಾವಲುಗಾರನಿಗೂ ತಾನೇ ಚಹಾ ತಂದುಕೊಟ್ಟ.

ಮೇಡಂ ಈಗ ಮಾವನ ನಿಜವಾದ ಫೈಲು ತೆರೆದರು. ಅಲ್ಲೂ ಚುಕ್ಕಿಯಿಲ್ಲ. ಮಲಗಿದವರ ಕಣ್ಣನ್ನು ಹಿಡಿಯುವ ಪುಟ್ಟ ಕ್ಯಾಮೆರಾದ ಚಿತ್ರ ಹಾಕಿದರು. ಮೊದಲ ಗುಣಾಕಾರಕ್ಕೇ ಮಾವನ ರೆಪ್ಪೆ ಮುಚ್ಚಿತ್ತು, ಕೊನೆಯವರೆಗೂ ತೆರೆಯಲಿಲ್ಲ.

"ಯಜಮಾನ್ರೇ, ಒಳಗೆ ನಿದ್ದೆ ಮಾಡಿದ್ರಾ?"

ಫೋನು ಮುಗಿಸಿ ಬಂದು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಾವ ತಲೆ ಕೆರೆದುಕೊಂಡರು. "ಅದು... ಅಂಗಡೀಲಿ ತಗಡು ಬಡಿಯೋ ಸದ್ದಲ್ಲೇ ನಂಗೆ ದಿನಾ ನಿದ್ದೆ ಬರೋದು. ಇಲ್ಲೂ ಹಾಗೇ ಹಾಯಾಗಿತ್ತು."

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ನಿದ್ದೆ ಮಾಡೋ ಮಿದುಳು ಹೇಗಿರುತ್ತೆ ಅಂತ ನೋಡೋಕೆ ಎಷ್ಟು ಕಾಲದಿಂದ ಜನ ಹುಡುಕ್ತಿದೀವಿ ಗೊತ್ತಾ? ಈ ಸದ್ದಿಗೆ ಒಬ್ಬರಿಗೂ ಕಣ್ಣು ಹತ್ತಲ್ಲ! ದಿನಾ ಬರ್ತೀರಾ? ವರ್ಷಪೂರ್ತಿ?"

"ಅಂಗಡಿ ಮಗಳು ನೋಡ್ಕೊಳ್ತಾಳೆ. ನನಗಿಂತ ಚೆನ್ನಾಗಿ ತೂಗ್ತಾಳೆ" ಎಂದರು ಮಾವ, ಸ್ಕ್ರೂ, ಬೋಲ್ಟು, ಚಿಲಕಗಳನ್ನು ಜೇಬಿಗೆ ತುಂಬಿಕೊಳ್ಳುತ್ತ. "ಅಳಿಯಂದ್ರೇ, ನಾಳೆಗೆ ಒಂದು ಮೆತ್ತನೆ ದಿಂಬು ಇಟ್ಟಿರಿ. ಎದ್ದ ಮೇಲೆ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ. ಫೈಲು ಅದಲುಬದಲು ಆಗ್ದಂಗೆ ಯಾರಾದ್ರೂ ನೋಡ್ಕೋಬೇಕಲ್ಲ."