ಬೆರಳು ಬಿಚ್ಚಬೇಡಿ

ಎಲ್ಲಾ ಶುರುವಾದದ್ದು ಒಂದು ಮಿಡಿ ಉಪ್ಪಿನಕಾಯಿ ಜಾಡಿಯಿಂದ. ಭದ್ರಾವತಿಯ ಶಿವಮೂರ್ತಪ್ಪನವರು ಊಟದ ನಡುವೆ ಎದ್ದು, ಅಟ್ಟದ ಮೇಲಿದ್ದ ಜಾಡಿ ಇಳಿಸಲು ಏಣಿ ಹತ್ತಿದರು. ಇಳಿಯುವಾಗ ಏಣಿ ಒಂದು ಕಡೆ ಹೋಯಿತು, ಅವರು ಇನ್ನೊಂದು ಕಡೆ ಹೋದರು. ಜಾಡಿಗೆ ಒಂದು ಗೀರೂ ಬೀಳಲಿಲ್ಲ. ಪೆಟ್ಟೆಲ್ಲ ಶಿವಮೂರ್ತಪ್ಪನವರ ಕತ್ತಿಗೆ ಬಿತ್ತು. ಕತ್ತಿನೊಳಗಿನ ಬೆನ್ನುಹುರಿ ನಜ್ಜಿದೆ ಎಂದರು ವೈದ್ಯರು. ಕಾಲುಗಳು ಕೆಲವು ತಿಂಗಳಲ್ಲಿ ಹೇಗೋ ದಾರಿಗೆ ಬಂದವು. ಕೈಗಳ ಶಕ್ತಿ ಮಾತ್ರ ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತಿತು. ಬೆರಳುಗಳು, ಕೆಲಸದ ಮನೆಗೆ ಬಂದ ಬೀಗರ ಹಾಗೆ, ಏನು ಹೇಳಿದರೂ ಏಳದೆ ಕೂತುಬಿಟ್ಟವು.

ಶಿವಮೂರ್ತಪ್ಪನವರು ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಸ್ಟೋರ್‌ಕೀಪರ್ ಎಂದರೆ ಬೀಗದಕೈ ಗೊಂಚಲು ಹಿಡಿದವನು. ಹಿಡಿಯಲು ಬೆರಳಿಲ್ಲದವನಿಗೆ ಗೊಂಚಲೂ ಇಲ್ಲ, ಕೆಲಸವೂ ಇಲ್ಲ. ಸದ್ಯಕ್ಕೆ ಗುಮಾಸ್ತೆ ಗಂಗಾಧರಪ್ಪ ಆ ಕೆಲಸ ನೋಡಿಕೊಳ್ಳುತ್ತಿದ್ದ.

ಊರಿನವರ ಕರುಣೆಗೆ ಕೊರತೆಯಿರಲಿಲ್ಲ. ಎಳ್ಳೆಣ್ಣೆ ಬಂತು, ಹರಳೆಣ್ಣೆ ಬಂತು, ಬಿಸಿ ಮರಳಿನ ಗಂಟು ಬಂತು. ಶಿವಮೊಗ್ಗದಲ್ಲಿ ಹೊಸದಾಗಿ ಆಸ್ಪತ್ರೆ ತೆರೆದಿದ್ದ, ವಿಲಾಯಿತಿಯಲ್ಲಿ ಓದಿದ ಡಾಕ್ಟರ್ ಶಂಕರನಾರಾಯಣ ಕರೆಂಟಿನ ಪೆಟ್ಟಿಗೆಯನ್ನೇ ತಂದರು. ಕರೆಂಟು ಇರುವವರೆಗೆ ಬೆರಳುಗಳು ಸೊಗಸಾಗಿ ಕುಣಿದವು. ಗುಂಡಿ ಆರಿಸಿದೊಡನೆ ಮತ್ತೆ ಮಲಗಿದವು.

ಕೊನೆಗೆ ಡಾಕ್ಟರು, "ಒಂದು ಹೊಸ ಪ್ರಯೋಗ ಇದೆ ನೋಡಿ" ಎಂದಿದ್ದರು. "ಬೆರಳು ನೆಟ್ಟಗೆ ಮಾಡೋದು ಬೇಡ. ಬಲಗೈ ಬೆರಳುಗಳನ್ನ ಮಡಚಿ ಪಟ್ಟಿ ಕಟ್ಟಿಬಿಡ್ತೀನಿ. ಎಂಟು ತಿಂಗಳಲ್ಲಿ ಒಳಗಿನ ಸ್ನಾಯು ಗಿಡ್ಡವಾಗಿ ಬಿಗಿಯುತ್ತೆ. ಆಮೇಲೆ ಮಣಿಕಟ್ಟು ಎತ್ತಿದರೆ ಬೆರಳು ತಾನಾಗಿ ಮುಚ್ಚಿಕೊಳ್ಳುತ್ತೆ, ಇಳಿಸಿದರೆ ಬಿಟ್ಟುಕೊಡುತ್ತೆ. ಬೆರಳಿಗೆ ಜೀವ ಬರಲ್ಲ, ಆದರೆ ಕೆಲಸ ನಡೆಯುತ್ತೆ. ಒಂದೇ ಮಾತು: ಮಣಿಕಟ್ಟು ಎತ್ತಿಟ್ಟು ಯಾರಾದ್ರೂ ಬೆರಳು ಬಿಡಿಸಿದರೆ ಬಿಗಿದದ್ದೆಲ್ಲ ಹಿಗ್ಗಿಹೋಗುತ್ತೆ. ಮೊದಲಿಂದ ಶುರು ಮಾಡಬೇಕಾಗುತ್ತೆ."

ಆ ಎಂಟು ತಿಂಗಳು ಮುಗಿದ ದಿನವೇ ಈ ಕತೆಯ ದಿನ. ನಯಾಪೈಸೆ ನಾಣ್ಯ ಚಲಾವಣೆಗೆ ಬಂದ ಹೊಸದು. ಕಾರ್ಖಾನೆಯ ಮ್ಯಾನೇಜರ್ ಶ್ರೀನಿವಾಸಮೂರ್ತಿಗಳು ಹೇಳಿಕಳಿಸಿದ್ದರು: "ಸಂಜೆ ಸ್ಟೋರು ಮುಚ್ಚೋದರೊಳಗೆ ಬಂದು, ಗೊಂಚಲು ಎತ್ತಿ ಬೀಗ ತೆಗೆದರೆ ಕೆಲಸ ಅವರದು. ಇಲ್ಲದಿದ್ದರೆ ಗಂಗಾಧರಪ್ಪನದು."

ಶ್ರೀನಿವಾಸಮೂರ್ತಿಗಳು ಯಾರಿಗೂ 'ಅಯ್ಯೋ ಪಾಪ' ಎಂದವರಲ್ಲ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಬಿಲ್ಲಿನಲ್ಲಿ ತಿದ್ದಿದ ಅಂಕಿ ಹುಡುಕಲು ಎಂದು ಎಲ್ಲರ ನಂಬಿಕೆ.

ಬೆಳಿಗ್ಗೆ ಶಿವಮೊಗ್ಗದಲ್ಲಿ ಡಾಕ್ಟರು ಪಟ್ಟಿ ಬಿಚ್ಚಿದರು. ಶಿವಮೂರ್ತಪ್ಪನವರು ಉಸಿರು ಬಿಗಿಹಿಡಿದು ಮಣಿಕಟ್ಟು ಎತ್ತಿದರು. ಬೆರಳುಗಳು ಮುಟ್ಟಿದರೆ ಮುನಿಯಂತೆ ಮೆಲ್ಲಗೆ ಮುಚ್ಚಿಕೊಂಡವು. ಮೇಜಿನ ಮೇಲಿದ್ದ ಲೋಟ ಗಾಳಿಯಲ್ಲಿ ಎದ್ದಿತು. ಹೆಂಡತಿ ದಾಕ್ಷಾಯಣಿಗೆ ಕಣ್ಣು ಮಂಜಾಗಿ, ಎರಡು ಲೋಟ ಕಂಡವಂತೆ.

"ಪಟ್ಟಿ ಇನ್ನು ಬೇಡ, ಅಭ್ಯಾಸ ಮಾಡ್ತಿರಿ" ಎಂದರು ಡಾಕ್ಟರು. "ಆದ್ರೆ ಅಮ್ಮಾ, ಹುಷಾರು. ಜನ ಒಳ್ಳೆಯವರು."

ಜನ ಎಷ್ಟು ಒಳ್ಳೆಯವರೆಂದು ಬಸ್ಸು ಹತ್ತಿದೊಡನೆ ತಿಳಿಯಿತು.

"ಅಯ್ಯೋ ಪಾಪ, ಕೈ ಹಿಂಗಾಗಿದ್ಯಾ ಸಾರ್?" ಎಂದ ಕಂಡಕ್ಟರು. "ತಡೀರಿ, ಬೆರಳು ಬಿಡಿಸಿ ಟಿಕೀಟು ಒಳಗಿಡ್ತೀನಿ."

"ಬಿಡಿಸಬೇಡಿ!" ಎಂದು ದಾಕ್ಷಾಯಣಿ ಚೀರಿದ್ದಕ್ಕೆ ಡ್ರೈವರು ಬ್ರೇಕು ಹಾಕಿದ. ಹಿಂದಿನ ಸೀಟಿನ ಕೋಳಿಗಳು ಮುಂದಿನ ಸೀಟಿಗೆ ಬಂದವು. ಕಂಡಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಟಿಕೀಟನ್ನು ಶಿವಮೂರ್ತಪ್ಪನವರ ಕಿವಿಯ ಸಂದಿಗೆ ಮೃದುವಾಗಿ ಸಿಕ್ಕಿಸಿ ಹೋದ.

ಪಕ್ಕದಲ್ಲಿ ಕೂತವನು ಹೊಳೆಹೊನ್ನೂರಿನ ಗರಡಿಮನೆಯ ಭೈರಪ್ಪ. ತೋಳು ಒಂದೊಂದೂ ಬಾಳೆದಿಂಡು.

"ಒಂದೇ ಸಲ ಲಟಕ್ ಅನ್ನಿಸಿಬಿಟ್ರೆ ಬೆರಳು ನೆಟ್ಟಗಾಗ್ತವೆ ಸ್ವಾಮಿ. ನಮ್ಮೂರಲ್ಲಿ ಎತ್ತಿನ ಕಾಲು ಕೂರಿಸೋನು ನಾನೇಯ."

"ಎತ್ತು ಎದ್ದು ನಡೀತಾ?" ಎಂದು ಕೇಳಿದಳು ದಾಕ್ಷಾಯಣಿ.

"ಎತ್ತು ಸತ್ತೋಯ್ತು ಕಣವ್ವ. ಆದ್ರೆ ಕಾಲು ಮಾತ್ರ ಕಡೇವರೆಗೂ ನೆಟ್ಟಗಿತ್ತು" ಎಂದು ಭೈರಪ್ಪ ಅಂಗೈ ಉಜ್ಜಿಕೊಂಡ.

ಭದ್ರಾವತಿ ಇನ್ನೂ ಒಂದು ಮೈಲಿ ಇರುವಾಗಲೇ ಗಂಡ ಹೆಂಡತಿ ಬಸ್ಸಿನಿಂದ ಇಳಿದುಬಿಟ್ಟರು. "ನಾಚ್ಕಬ್ಯಾಡಿ ಸ್ವಾಮಿ, ದುಡ್ಡು ತಗಳಲ್ಲ!" ಎಂದು ಭೈರಪ್ಪ ಕಿಟಕಿಯಿಂದ ಕೂಗುತ್ತಲೇ ಇದ್ದ.

ದಾಕ್ಷಾಯಣಿ ಗಂಡನ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ನಡೆದಳು. ಹಾಡುಹಗಲು, ಗಂಡ ಹೆಂಡತಿ, ಒಂದೇ ಸೆರಗು. ಎದುರಿಗೆ ಬಂದ ಸೈಕಲ್ಲುಗಳು ತಿರುಗಿ ನೋಡಿ ಚರಂಡಿ ಸೇರಿದವು.

ಬೀದಿಯ ತಿರುವಿನಲ್ಲಿ ನೆರೆಮನೆಯ ವೀರಮ್ಮ, ಬೆಳಗಿನಿಂದ ಬಿಸಿಯಾಗಿಟ್ಟುಕೊಂಡ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು.

"ಏನೇ ಮಾರಾಯ್ತಿ ಇದು, ನಡುಬೀದೀಲಿ! ನಾವೆಲ್ಲ ಗಂಡನ ಹಿಂದೆ ಹತ್ತು ಮಾರು ದೂರದಲ್ಲಿ ನಡೀತಿದ್ವಿ."

"ನಿಮ್ಮ ಯಜಮಾನರ ಬೆರಳು ಗಟ್ಟಿಯಾಗಿದ್ವಲ್ಲ ಅತ್ತೆ."

"ಅದಕ್ಕೇ ಎಣ್ಣೆ ತಂದಿದೀನಿ. ಶಿವಮೂರ್ತಿ, ಕೈ ಕೊಡಪ್ಪ. ಒಂದೊಂದೇ ಬೆರಳು ನೀವಿ ನೆಟ್ಟಗೆ ಮಾಡ್ತೀನಿ."

ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಎಣ್ಣೆ ಆರದಿರಲೆಂದು ಮುದುಕಿ ಬಟ್ಟಲಿಗೆ ತನ್ನ ಒಳ್ಳೆಯ ಶಾಲನ್ನೇ ಸುತ್ತಿದ್ದರು. ದಾಕ್ಷಾಯಣಿ ಗಂಡನ ಎಡಗೈಯನ್ನು ಮುಂದೆ ಚಾಚಿಸಿದಳು. "ಇದನ್ನ ಎಷ್ಟು ಬೇಕಾದ್ರೂ ನೀವಿ ಅತ್ತೆ. ಬಲಗೈಗೆ ಮೈಲಿಗೆ." ವೀರಮ್ಮ ಮನಸಾರೆ ನೀವಿದರು. ಶಿವಮೂರ್ತಪ್ಪನವರು ದಂಡ ತೆತ್ತವರಂತೆ ನಿಂತು, ಮೊಣಕೈವರೆಗೆ ಎಣ್ಣೆ ಇಳಿಸಿಕೊಂಡು ಕಾರ್ಖಾನೆ ಸೇರಿದರು.

"ಇನ್ನು ಭಯ ಇಲ್ಲ ಕಣೆ" ಎಂದರು ಬಾಗಿಲಲ್ಲಿ. "ಮ್ಯಾನೇಜರಿಗೆ ಕರುಣೆ ಅನ್ನೋದೇ ಇಲ್ಲ."

ಆಫೀಸಿನೊಳಗೆ ಹೆಂಗಸರು ಹೋಗುವ ಪದ್ಧತಿಯಿರಲಿಲ್ಲ. ದಾಕ್ಷಾಯಣಿ ಆ ಕೈಯನ್ನು ಸೆರಗಿನಿಂದ ಬಿಡಿಸಿ, ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟವಳಂತೆ ಹೊರಗೆ ಜಗಲಿಯ ಮೇಲೆ ನಿಂತಳು.

ಮೇಜಿನ ಮೇಲೆ ಗೊಂಚಲಿತ್ತು. ಶ್ರೀನಿವಾಸಮೂರ್ತಿಗಳು ಗದ್ದದಿಂದಲೇ ಅದನ್ನು ತೋರಿಸಿದರು. ಗಂಗಾಧರಪ್ಪ ಗೋಡೆಗೊರಗಿ ನಿಂತಿದ್ದ.

ಶಿವಮೂರ್ತಪ್ಪನವರು ಕೈಯನ್ನು ಗೊಂಚಲಿನ ಮೇಲಿಳಿಸಿ ಮಣಿಕಟ್ಟು ಎತ್ತಿದರು. ಬೆರಳುಗಳು ಮುಚ್ಚಿದವು. ಗೊಂಚಲು ಝಣ್ ಎಂದು ಮೇಲೆದ್ದಿತು. ಮೊದಲು ಚಪ್ಪಾಳೆ ತಟ್ಟಿದವನು ಗಂಗಾಧರಪ್ಪನೇ. ಕೆಲಸ ಕೈತಪ್ಪಿತೆಂಬುದು ಅವನಿಗೆ ಆಮೇಲೆ ನೆನಪಾಯಿತು.

ಮ್ಯಾನೇಜರರ ಮುಖದಲ್ಲಿ ಯಾರೂ ಕಾಣದಿದ್ದ ಒಂದು ಬೆಳಕು ಬಂತು. ಅವರು ಎದ್ದು ಬಂದು, ಗೊಂಚಲನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು.

"ಭಲೆ ಶಿವಮೂರ್ತಪ್ಪ! ಕತ್ತು ಮುರಿದು ಬಿದ್ದೋರು ಎದ್ದು ಬಂದು ಬೀಗದಕೈ ಹಿಡಿಯೋದು ಅಂದ್ರೆ ಸಾಮಾನ್ಯ ಜಾತಕ ಅಲ್ಲ. ಎಲ್ಲಿ, ನೋಡೋಣ." ಜೇಬಿನಿಂದ ಭೂತಗನ್ನಡಿ ಹೊರಬಂತು. "ನನಗೆ ಹಸ್ತಸಾಮುದ್ರಿಕದ ಹುಚ್ಚು ಇದೆ. ಯಾರಿಗೂ ಹೇಳಿಲ್ಲ."

"ಸಾರ್, ಬೆರಳು—"

"ಸಂಕೋಚ ಬೇಡ ಮಾರಾಯರೆ. ಕೈ ಕೊಡಿ."

ಅವರು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ದೀಪದ ಬೆಳಕಿಗೆ ಎತ್ತಿಹಿಡಿದು, ರೇಖೆಗಳು ಸರಿಯಾಗಿ ಕಾಣಲೆಂದು ಐದೂ ಬೆರಳುಗಳನ್ನು ದೋಸೆ ಹಿಟ್ಟು ಸವರಿದಂತೆ ಅಗಲಿಸಿದರು. ಒಳಗೆ ಎಲ್ಲೋ ಲಟ, ಲಟ ಎಂದಿತು.

"ಆಹಾ! ಉದ್ಯೋಗರೇಖೆ ನೋಡಿ ಇಲ್ಲಿ, ಕಬ್ಬಿಣದ ಸಲಾಕೆ! ಕಡೇವರೆಗೂ ತಡೆಯೇ ಇಲ್ಲ!" ಅವರು ಒಂದೊಂದು ಬೆರಳನ್ನೂ ಪ್ರೀತಿಯಿಂದ ಇನ್ನಷ್ಟು ಹಿಂದಕ್ಕೆ ಒತ್ತಿದರು. ಆ ಕಾರ್ಖಾನೆಯಲ್ಲಿ ಅವರು ಯಾರನ್ನೂ ಅಷ್ಟು ಆದರದಿಂದ ಮುಟ್ಟಿರಲಿಲ್ಲ. ಆಮೇಲೆ ಗಡಿಯಾರ ನೋಡಿ ಮತ್ತೆ ಮ್ಯಾನೇಜರಾದರು. "ಸರಿ. ರೂಲು ಅಂದ್ರೆ ರೂಲು. ಗೊಂಚಲು ತಗೊಂಡು ಬೀಗ ತೆಗೀರಿ."

ಶಿವಮೂರ್ತಪ್ಪನವರು ಮಣಿಕಟ್ಟು ಎತ್ತಿದರು. ಬೆರಳುಗಳು, ನೆಂದ ಹಪ್ಪಳದಂತೆ, ಹಾಗೇ ಅಗಲವಾಗಿ ಕೂತಿದ್ದವು. ಮತ್ತೆ ಎತ್ತಿದರು. ಗೊಂಚಲು ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಂಡವನು ಗಂಗಾಧರಪ್ಪ. ಎತ್ತಿಕೊಂಡು, ತಪ್ಪು ಮಾಡಿದವನಂತೆ ನಿಂತ.

ಮ್ಯಾನೇಜರು ಹುಬ್ಬು ಗಂಟಿಕ್ಕಿ, ಅದೇ ಕೈಯನ್ನು ಮತ್ತೆ ಹಿಡಿದು, ಕನ್ನಡಿಯನ್ನು ಇನ್ನೂ ಹತ್ತಿರ ತಂದರು.

"ಓಹೋ... ರೇಖೆ ಇಲ್ಲಿ ಒಂಚೂರು ತುಂಡಾಗಿದೆ. ಆಗ ಕಂಡಿರಲಿಲ್ಲ. ಎಂಥಾ ಕರಾರುವಾಕ್ಕಾದ ಶಾಸ್ತ್ರ ನೋಡಿ! ಆದ್ರೆ ಗಾಬರಿ ಬೇಡ, ಮುಂದೆ ಕೂಡಿಕೊಳ್ಳುತ್ತೆ. ಒಂದು... ಎಂಟು ತಿಂಗಳು. ಆಗ ಬನ್ನಿ, ಮತ್ತೆ ನೋಡೋಣ."

ಪದ್ಧತಿಯನ್ನು ಜಗಲಿಯ ಮೇಲೇ ಬಿಟ್ಟು ದಾಕ್ಷಾಯಣಿ ಆಗಲೇ ಒಳಗೆ ಬಂದಿದ್ದಳು. ಗಂಡನ ಕೈಯನ್ನು ಮ್ಯಾನೇಜರರ ಕೈಯಿಂದ ಬಿಡಿಸಿಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಸೆರಗಿನಲ್ಲಿ ಸುತ್ತಿದಳು.

"ಬರ್ತಾರೆ ಸಾರ್" ಎಂದಳು. "ಬರುವಾಗ ಪಟ್ಟಿ ನಾನೇ ತರ್ತೀನಿ. ಇವರ ಕೈಗಲ್ಲ, ನಿಮ್ಮ ಕೈಗೆ."