ಎತ್ತು ಬಂತು, ಗೂಟ ಹೋಯಿತು

ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತು ನಡೆದದ್ದು ಒಂದೇ ಒಂದು ಸಲ. ಅದರ ಫಲವಾಗಿ ಇವತ್ತು ನಮ್ಮ ಬೀದಿಯ ತುದಿಯಲ್ಲಿ ಒಂದು ಕಬ್ಬಿಣದ ಎತ್ತು ನಿಂತಿದೆ. ಅದರ ಪಕ್ಕದಲ್ಲಿ ನಾನೂ ಆಗಾಗ ನಿಂತಿರುತ್ತೇನೆ. ಯಾಕೆಂದು ಕೇಳಿ, ಹೇಳುತ್ತೇನೆ. ನನಗೇನೂ ನಾಚಿಕೆಯಿಲ್ಲ.

ನಾವು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನನ್ನ ಹೆಂಡತಿಯ ಹೆಸರು ಪದ್ಮಶ್ರೀ. (ಮನೆಯಲ್ಲೇ ಪದ್ಮಶ್ರೀ ಇರುವಾಗ ಬೇರೆ ಸನ್ಮಾನಕ್ಕೆ ಆಸೆಪಡಬಾರದಿತ್ತು. ಆದರೂ ಆಸೆಪಟ್ಟೆ.) ಊರಿನ ಹಳೇ ಬೀದಿಗಳಲ್ಲಿ ಕಲಾಕೃತಿಗಳನ್ನಿಟ್ಟು ಹೊಸ ಕಳೆ ತರುವ ಯೋಜನೆ ಬಂತು. ಬೀದಿಗೊಂದು ಕಲಾ ಸಮಿತಿಯಂತೆ. ನಮ್ಮ ಬೀದಿಯ ಸಭೆಗೆ ಮಗ್ಗ ಬಿಟ್ಟು ಯಾರೂ ಬರಲಿಲ್ಲ. ನಾನೊಬ್ಬನೇ ಹೋದೆ; ಸರ್ವಾನುಮತದಿಂದ ಅಧ್ಯಕ್ಷನಾದೆ. ಉದ್ಘಾಟನೆಯ ದಿನ ಅಧ್ಯಕ್ಷರಿಗೆ ಮೈಸೂರು ಪೇಟ, ಶಾಲು ಎಂದು ಗೊತ್ತಾದ ಮೇಲಂತೂ ಕಲೆಯ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿತು.

ಉಳ್ಳಾರ್ತಿ ಹುಲ್ಲುಗಾವಲಿನ ಅಮೃತಮಹಲ್ ತಳಿಯ ಎತ್ತೊಂದನ್ನು ಗುಜರಿ ಕಬ್ಬಿಣದಲ್ಲಿ ಮಾಡಿಸುವುದೆಂದು ತೀರ್ಮಾನಿಸಿ, ಲಾರಿ ರಿಪೇರಿ ಮಾಡುವ ಮಸ್ತಾನ್ ಸಾಬರಿಗೆ ಕೆಲಸ ವಹಿಸಿದೆ. ಹೆಡ್‌ಲೈಟಿನ ಕಣ್ಣು, ಸೈಲೆನ್ಸರ್ ಪೈಪಿನ ಕೊಂಬು. ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯಬೇಕು, ಹಾಗಿತ್ತು.

“ನೇಕಾರರ ಬೀದಿಗೆ ಎತ್ತು ಯಾಕ್ರೀ?” ಎಂದಳು ಪದ್ಮಶ್ರೀ.

“ಕಲೆನ ಯಾಕೆ ಅಂತ ಕೇಳಬಾರ್ದು ಕಣೆ.”

“ಕೇಳಲ್ಲ ಬಿಡ್ರಿ. ಎಲ್ಲಿ ನಿಲ್ಲಿಸ್ತೀರಾ, ಅದನ್ನ ಹೇಳ್ರಿ.”

ನಾನು ಬೀದಿಯ ತುದಿಗೆ ಕೈ ತೋರಿಸಿದೆ. ಅಲ್ಲಿಂದ ಶುರುವಾಯಿತು ಮಹಾಸಂಗ್ರಾಮ.

ಆ ತುದಿಯಲ್ಲಿ ನಮ್ಮಜ್ಜನ ಕಾಲದ ಒಂದು ಕಲ್ಲುಗೂಟವಿತ್ತು. ಸೀರೆಯ ಉದ್ದೆಳೆಗಳಿಗೆ ನಾವು ಹಾಸು ಅನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಬೆಳಗಿನ ಎಳೆಬಿಸಿಲಲ್ಲಿ ಹಾಸನ್ನು ಬೀದಿಯುದ್ದಕ್ಕೂ ಚಾಚಿ, ಒಂದು ಕಡೆ ಬೇವಿನ ಮರಕ್ಕೂ ಇನ್ನೊಂದು ಕಡೆ ಈ ಗೂಟಕ್ಕೂ ಬಿಗಿದು, ಗಂಜಿ ಸವರಿ ಒಣಗಿಸಬೇಕು. ಒಣಗುವ ಮುಂಚೆ ಸಡಿಲ ಬಿಟ್ಟರೆ ಎಳೆಗಳೆಲ್ಲ ಅಂಟಿಕೊಂಡು ಹಾಸು ಹಾಳು.

“ಗೂಟ ಕಿತ್ರೆ ಹಾಸು ಎಲ್ಲಿಗ್ರೀ ಕಟ್ಲಿ, ನಿಮ್ಮ ಕುತ್ತಿಗೆಗಾ? ಕೊಂಡ್ಲಹಳ್ಳಿಯೋರ ಮದುವೆ ಸೀರೆ ಆರ್ಡರ್ ಐತೆ. ಒಪ್ಕೊಂಡಿರೋಳು ನಾನು!”

“ಎತ್ತಿನ ಕೊಂಬಿಗೆ ಕಟ್ಟು! ಒಂದು ಗೂಟ ಕಿತ್ಕೊಂಡು ಎರಡು ಕೊಂಬು ಕೊಡ್ತಿದೀನಿ. ಈ ಜನ್ಮದಲ್ಲಿ ಒಂದ್ಸಲ ನಾನು ಹೇಳಿದ್ದು ಆಗ್ಲೇಬೇಕು!”

ಅವಳು “ಆಗ್ಲಿ” ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಹೆದರಬೇಕಿತ್ತು. ಗೆದ್ದ ಅಮಲಿನಲ್ಲಿ ನಾನೇ ಹಾರೆ ಹಿಡಿದು ಗೂಟ ಕಿತ್ತೆ. ಅದೇ ಗುಂಡಿಗೆ ಕಾಂಕ್ರೀಟ್ ಸುರಿದು ಎತ್ತನ್ನು ನಿಲ್ಲಿಸಿದೆವು.

ಉದ್ಘಾಟನೆಯ ದಿನ ಬಂತು. ಬೆಳಕು ಹರಿಯುವಾಗ ಎತ್ತಿನ ಬಣ್ಣ ಯಾಕೋ ಮಂಕಾಗಿ ಕಂಡು, ಮಸ್ತಾನ್ ಸಾಬರಿಂದ ಇನ್ನೊಂದು ಕೋಟು ಹೊಡೆಸಿದೆ. (ಬೇಡ ಅಂದರು. ಅಧ್ಯಕ್ಷ ಯಾರು, ಅವರೋ ನಾನೋ?) ಆಮೇಲೆ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ಬಂದರೆ, ಬೀದಿಯುದ್ದಕ್ಕೂ ಗುಲಾಬಿ ಬಣ್ಣದ ಹಾಸು ಚಾಚಿದೆ. ಪದ್ಮಶ್ರೀ ಹಗ್ಗ ಹಿಡಿದು ಎತ್ತಿನ ಮುಂದೆ ನಿಂತಿದ್ದಾಳೆ.

“ಇವತ್ತೇನಾ ನಿಂಗೆ ಸಿಕ್ಕಿದ್ದು?”

“ಫಂಕ್ಷನ್ ಇರೋದು ಹತ್ತಕ್ಕೆ. ಅಷ್ಟರಾಗೆ ಒಣಗಿ ಸುತ್ತಿಟ್ಟಿರ್ತೀವಿ.”

“ಅಕ್ಕಾ, ಕೊಂಬು ಮುಟ್ಬ್ಯಾಡಿ!” ಮಸ್ತಾನ್ ಸಾಬರು ಕೂಗಿದರು. “ಪೇಂಟು ಹಸಿ ಐತೆ. ರೇಷ್ಮೆಗೆ ತಾಗಿದ್ರೆ ಹೋಗಲ್ಲ!”

ಸಾಬರ ಎರಡೂ ಕೈ ಬಣ್ಣ. ಹಾಸು ಹಿಡಿದಿದ್ದ ಬೀದಿಯ ಹೆಂಗಸರ ಕೈಯೆಲ್ಲ ಗಂಜಿ. ಉಳಿದ ಗಂಡಸರು ಅತಿಥಿಗಳನ್ನು ಎದುರುಗೊಳ್ಳಲು ಬಸ್‌ ಸ್ಟ್ಯಾಂಡಿಗೆ ಹೋಗಿದ್ದರು. ಪದ್ಮಶ್ರೀ ನನ್ನ ಕಡೆ ತಿರುಗಿದಳು. ಸಿಟ್ಟು ಬಂದಾಗ ಅವಳಿಗೆ ಕನ್ನಡ ಸಾಲದು, ತೆಲುಗೇ ಬೇಕು.

“ಇಟ್ರಾಂಡಿ!” ಇಲ್ಲಿ ಬನ್ನಿ ಅಂತ.

ಹೋದೆ. ಹಗ್ಗವನ್ನು ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಬಿಗಿದಳು. “ಕದಲೊದ್ದು!” ಅಂದರೆ ಅಲುಗಾಡಬೇಡಿ ಎಂದರ್ಥ. ಎತ್ತಿನ ಪಕ್ಕ ಹಗ್ಗ ಕಟ್ಟಿಸಿಕೊಂಡು ನಿಂತೆ. ಜೋಡೆತ್ತು ಪೂರ್ತಿಯಾಯಿತು.

ಸರ್ಕಾರಿ ಸಮಾರಂಭಗಳ ಇತಿಹಾಸದಲ್ಲಿ ಎಂದೂ ಆಗದ್ದು ಆವತ್ತು ಆಯಿತು. ಮುಖ್ಯ ಅತಿಥಿಯಾಗಿದ್ದ ಅಧಿಕಾರಿ ಮೇಡಂ ಒಂದು ಗಂಟೆ ಮುಂಚೆಯೇ ಬಂದುಬಿಟ್ಟರು!

ಮೈಕಿನಲ್ಲಿ ನನ್ನ ಹೆಸರು ಕೂಗಿದರು. “ಕಲಾ ಸಮಿತಿಯ ಅಧ್ಯಕ್ಷರು, ಶ್ರೀಯುತ ಗೋಪಿಯವರು ವೇದಿಕೆಗೆ ಬರಬೇಕು!”

“ಬಿಚ್ಚೇ!” ಎಂದು ಹಲ್ಲು ಕಚ್ಚಿದೆ.

“ಒಣಗಿಲ್ಲ.”

“ಪೇಟ ಕಣೇ!”

“ಹಾಸು ಕಣ್ರೀ!”

ಮತ್ತೆ ಕೂಗಿದರು. ನಾನು ಅಲುಗಾಡಲಿಲ್ಲ. ನಿಜ ಹೇಳುತ್ತೇನೆ, ಗಂಟು ನನ್ನ ಹೊಟ್ಟೆಯ ಮೇಲೇ ಇತ್ತು, ಬಿಚ್ಚಿಕೊಂಡು ಓಡಬಹುದಿತ್ತು. ಆದರೆ ನಾನೂ ನೇಕಾರ. ಆ ಗುಲಾಬಿ ಎಳೆಗಳು ನೆಲಕ್ಕೆ ಬೀಳುವುದನ್ನು ನನ್ನ ಕಣ್ಣಲ್ಲಿ ನೋಡಲಾರೆ. ಅಧ್ಯಕ್ಷಗಿರಿ ಬೇಕಾದರೆ ಹಾಳಾಗಿ ಹೋಗಲಿ!

ಕೊನೆಗೆ ಮೇಡಂ ಅವರೇ ನಮ್ಮತ್ತ ನಡೆದು ಬಂದರು. ಎತ್ತನ್ನು ನೋಡಲೇ ಇಲ್ಲ. ಬಿಸಿಲಿಗೆ ಹೊಳೆಯುತ್ತಿದ್ದ ಹಾಸನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿ, “ಎಷ್ಟು ಚೆನ್ನಾಗಿದೆ! ಬೀದಿಗೆ ಕಲೆ ಅಂದರೆ ಇದು. ಇದು ಯಾರ ಯೋಚನೆ?” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಪದ್ಮಶ್ರೀ, “ನಂದೇ ಮೇಡಂ” ಎಂದಳು.

ಪೇಟ ಅವಳ ತಲೆಗೇರಿತು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಅದು ಗಂಜಿಗೆ ತಾಗೀತೆಂದು ತಟ್ಟನೆ ತೆಗೆದು, ಆಚೀಚೆ ನೋಡಿ, ನನ್ನ ಹೆಗಲಿಗೆ ನೇತುಹಾಕಿದಳು. ಅಂತೂ ನನಗೆ ಶಾಲು ಬಂತು, ಗೂಟಕ್ಕೆ ಬಂದ ಹಾಗೆ.

ಮರುದಿನ ನಾನು ಹಾರೆ ಹಿಡಿದು ಹೊರಟೆ.

“ಎಲ್ಲಿಗ್ರೀ?”

“ಗೂಟ ಮತ್ತೆ ನೆಡ್ತೀನಿ.”

“ಎಲ್ಲಿ ನೆಡ್ತೀರಾ? ಆ ಜಾಗದಾಗೆ ನಿಮ್ಮ ಎತ್ತು ಕಾಂಕ್ರೀಟ್ ಹಾಕ್ಕೊಂಡು ನಿಂತೈತೆ.”

“ಪೇಂಟ್ ಒಣಗೈತಲ್ಲ, ಕೊಂಬಿಗೇ ಕಟ್ಟು ಮತ್ತೆ!”

“ಸೈಲೆನ್ಸರ್ ಕೊಂಬಿಗೆ ತುಕ್ಕು ಹಿಡಿಯುತ್ತೆ, ರೇಷ್ಮೆ ಕೆಡುತ್ತೆ. ನಿಮಗೆ ತುಕ್ಕು ಹಿಡಿಯಲ್ಲ.”

ನಾನು ಸೋತೆ ಎಂದು ಮಾತ್ರ ತಿಳಿಯಬೇಡಿ. ಎತ್ತು ನಾನು ಹೇಳಿದ ಜಾಗದಲ್ಲೇ ನಿಂತಿದೆ, ಯಾರಪ್ಪನಿಗೂ ಕೀಳಲಾಗದು. ಹಾಸು ಹಾಕುವ ದಿನ ನಾನೂ ಎದೆಯೆತ್ತಿ ನಿಲ್ಲುತ್ತೇನೆ. ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಪದ್ಮಶ್ರೀ ಹೇಳುತ್ತಾಳೆ.