ಹೊಸ್ತಿಲು ದಾಟದ ಮೇಜು

ಬೋರಯ್ಯನಿಗೆ ಅವನ ಮಗಳು ಬರೆದಿದ್ದ ಕಾಗದವನ್ನು ಪೋಸ್ಟ್ ಮಾಸ್ಟರ್ ಸದಾಶಿವಯ್ಯನ ತಾಯಿ ಶಿವರುದ್ರಮ್ಮ ಜಗಲಿಯ ಮೇಲಿನಿಂದ ಅಂಗಳಕ್ಕೆ ಎಸೆದರು. ಅದು ಕಲಗಚ್ಚಿನ ಬಾನಿಯೊಳಕ್ಕೆ ಬಿತ್ತು. ಎಮ್ಮೆ ತಿಂದಿತು.

ಎಮ್ಮೆಗೆ ಏನೂ ಆಗಲಿಲ್ಲ. ಆದದ್ದೆಲ್ಲ ಸದಾಶಿವಯ್ಯನಿಗೆ.

ಹಂದನಕೆರೆ ಕಡೆಯ ಆ ಹಳ್ಳಿಯಲ್ಲಿ ಅಂಚೆ ಕಚೇರಿ ಅಂದರೆ ಸದಾಶಿವಯ್ಯನ ಮನೆ. ಬೇರೆ ಕಟ್ಟಡ ಇರಲಿಲ್ಲ. ಟಪಾಲು ಬಂದಾಗ ಊರಿನವರು ಜಗಲಿ ಹತ್ತಿ, ಹೊಸ್ತಿಲು ದಾಟಿ, ನಡುಮನೆಗೆ ಬಂದು ಕಾಗದ ಇಸಿದುಕೊಳ್ಳುತ್ತಿದ್ದರು. ಬೋರಯ್ಯನ ಕೇರಿಯವರು ಮಾತ್ರ ಅಂಗಳದಲ್ಲಿ ನಿಂತು ಕೂಗಬೇಕು. ಕಾಗದ ಹಾರಿಕೊಂಡು ಬರುತ್ತಿತ್ತು. ಊರಿನಲ್ಲಿ ವಿಮಾನದ ಟಪಾಲು ಸಿಗುತ್ತಿದ್ದದ್ದು ಅವರಿಗೆ ಮಾತ್ರ.

ಬೋರಯ್ಯನ ಮಗಳು ಕೊಲ್ಲಾಪುರಮ್ಮ ತುಮಕೂರಿನಲ್ಲಿ ಮೇಷ್ಟ್ರ ಟ್ರೈನಿಂಗ್ ಓದುತ್ತಿದ್ದಳು. ತನ್ನ ಕಾಗದವನ್ನು ಎಮ್ಮೆ ತಿಂದ ಸುದ್ದಿ ಬಸ್ಸಿನವರ ಬಾಯಲ್ಲಿ ಅವಳಿಗೆ ಮುಟ್ಟಿತು. ಅವಳು ಅಂಚೆ ಇಲಾಖೆಯ ಮೇಲಿನವರಿಗೆ ಒಂದು ಕಾರ್ಡು ಬರೆದಳು. ಬುದ್ಧಿವಂತೆ, ಅದನ್ನು ತುಮಕೂರಿನಲ್ಲೇ ಡಬ್ಬಕ್ಕೆ ಹಾಕಿದಳು.

ಅದರ ಫಲ ಇವತ್ತು ಬೆಳಿಗ್ಗೆಯ ಟಪಾಲಿನಲ್ಲಿ ಬಂತು. ಸದಾಶಿವಯ್ಯ ತನಗೆ ಬಂದ ನೋಟೀಸಿಗೆ ತಾನೇ ಮುದ್ರೆ ಒತ್ತಿ, ತನಗೇ ಬಟವಾಡೆ ಮಾಡಿಕೊಂಡು, ಒಡೆದು ಓದಿ, ಕೂತಲ್ಲೇ ಬೆವರಿದ. ಇನ್ಸ್‌ಪೆಕ್ಟರು ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ಸೂರಿನ ಕೆಳಗೆ ಒಂದು ಮೇಜು ಇರಬೇಕು; ತಕ್ಕಡಿ, ಮುದ್ರೆ, ಸ್ಟಾಂಪು ಎಲ್ಲ ಅದರ ಮೇಲಿರಬೇಕು; ಊರಿನ ಯಾರೇ ಬಂದರೂ ಆ ಮೇಜಿನವರೆಗೆ ಬರುವಂತಿರಬೇಕು. ಇಲ್ಲದಿದ್ದರೆ ಅಂಚೆ ಕಚೇರಿಯನ್ನು ಬೇರೆ ಮನೆಗೆ ಕೊಡಲಾಗುವುದು.

ಬೇರೆ ಮನೆ ಯಾವುದೆಂದು ಕೇಳುವ ಹಾಗೇ ಇರಲಿಲ್ಲ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯ ಬೀದಿ ಕಡೆಗೆ ಬಾಗಿಲಿಟ್ಟು ಒಂದು ಕೋಣೆ ಕಟ್ಟಿಸಿ, ಸುಣ್ಣ ಹೊಡೆಸಿ, ಅಳಿಯನಿಗೆ ಕಾಯುವವರ ಹಾಗೆ ಅಂಚೆ ಕಚೇರಿಗೆ ಕಾಯುತ್ತಿದ್ದ. ಈ ಕೆಲಸ ಹೋದರೆ ಸದಾಶಿವಯ್ಯನನ್ನು ಊರಿನಲ್ಲಿ ಯಾರೂ ಪೋಸ್ಟ್ ಮಾಸ್ಟರೇ ಎನ್ನುವುದಿಲ್ಲ. ಮತ್ತೆ ಮೊದಲಿನಂತೆ ಅವನು ಶಿವರುದ್ರಮ್ಮನ ಮಗ.

"ಅವ್ವ, ಎಲ್ಲಾರನ್ನೂ ಮೇಜಿನ ತಂಕ ಬುಡಬೇಕಂತೆ."

"ಬುಡು. ಯಾರು ಬ್ಯಾಡ ಅಂದ್ರು? ಮನೆ ಒಳಕ್ಕೆ ಮಾತ್ರ ಬುಡಬ್ಯಾಡ."

"ಮೇಜು ಮನೆ ಒಳಗೇ ಐತಲ್ಲವ್ವ!"

"ಅದು ಮೇಜಿನ ತಪ್ಪು ಕಣಪ್ಪ. ನಂದೇನೈತೆ?" ಎಂದು ಶಿವರುದ್ರಮ್ಮ ವಿಭೂತಿ ಗಟ್ಟಿ ಕೈಗೆ ತೆಗೆದುಕೊಂಡರು.

ಮೇಜಿನ ತಪ್ಪೂ ಇರಲಿಲ್ಲ. ತಪ್ಪೆಲ್ಲ ತೆಂಗಿನಕಾಯಿಯದು. ಆ ಸೀಮೆಯಲ್ಲಿ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುವುದಕ್ಕೆ ವರ್ಷ ಹಿಡಿಯುತ್ತದೆ. ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು, ಅಲುಗಿಸುವಂತಿಲ್ಲ. ತಿಪಟೂರಿನಲ್ಲಿ ಬೆಲೆ ಏರಲಿ ಎಂದು ಶಿವರುದ್ರಮ್ಮ ಹಳೆಯ ಕಾಯನ್ನು ಅಟ್ಟದಿಂದ ಇಳಿಸಿರಲಿಲ್ಲ. ಹೊಸ ಕಾಯಿ ಬಂದು ನಡುಮನೆಯಲ್ಲಿ ಕೂತಿತ್ತು. ರಾಶಿ ತೊಲೆ ಮುಟ್ಟುತ್ತಿತ್ತು. ಮನೆಯವರು ಗೋಡೆ ಪಕ್ಕ ಅಡ್ಡಡ್ಡ ನಡೆದು ನಡೆದು ಏಡಿಯ ನಡಿಗೆ ಕಲಿತಿದ್ದರು. ಅಜ್ಜನ ಕಾಲದ ಹಲಸಿನ ಮರದ ಮೇಜು ರಾಶಿಯ ಹಿಂದೆ, ದೇವರಮನೆಯ ಗೋಡೆಗೆ ಒತ್ತಿಕೊಂಡು, ಅರ್ಧ ಮುಖ ಮಾತ್ರ ತೋರಿಸುತ್ತಿತ್ತು. ಮೇಜಿನ ಮೇಲೆ ಜಾಗ ಸಾಲದೆ ಇಲಾಖೆಯ ತಕ್ಕಡಿ ಅಡುಗೆ ಮನೆಯಲ್ಲಿ ಹುಣಸೆಹಣ್ಣು ತೂಗುತ್ತಿತ್ತು. ಸ್ಟಾಂಪು ಉಪ್ಪಿನಕಾಯಿ ಜಾಡಿಯ ಪಕ್ಕದ ಡಬ್ಬಿಯಲ್ಲಿತ್ತು. ಆ ಊರಿನಿಂದ ಹೊರಟ ಕಾಗದಕ್ಕೆಲ್ಲ ಮೆಂತ್ಯದ ವಾಸನೆ. ಡ್ರಾಯರಿನಲ್ಲಿ ಬೆಕ್ಕು ಮರಿ ಹಾಕಿತ್ತು.

ಸದಾಶಿವಯ್ಯನ ಹೆಂಡತಿ ಗಿರಿಜಾಂಬಿಕಾ ತಕ್ಕಡಿಯನ್ನು ಬೂದಿ ಹಾಕಿ ತಿಕ್ಕಿಕೊಟ್ಟಳು. "ಇದಿಷ್ಟು ಆಯ್ತು ಕಣ್ರೀ. ಮೇಜು ಎಲ್ಲಿಗೆ ಹಾಕ್ತೀರ?"

"ಜಗಲಿ ಮೇಲೆ."

"ಜಗಲಿ ಮನೆಯಲ್ವೇನೋ?" ದೇವರಮನೆಯಿಂದ ಕೂಗು ಬಂತು.

"ಹಂಗಾದ್ರೆ ಕೊಟ್ಟಿಗೆಗೆ."

"ಅಲ್ಲಿ ಎಮ್ಮೆ ಐತೆ," ಎಂದಳು ಗಿರಿಜಾಂಬಿಕಾ. "ಅದಕ್ಕೆ ಓದೋ ಚಟ ಹತ್ತೈತೆ."

ಅಷ್ಟರಲ್ಲಿ ಪರಮಶಿವಯ್ಯ ಎಲೆಅಡಿಕೆ ಮೆಲ್ಲುತ್ತ ಒಳಗೆ ಬಂದ. ನೋಟೀಸು ಬಂದ ಸುದ್ದಿ ಅವನಿಗೆ ನೋಟೀಸಿಗಿಂತ ಮುಂಚೆ ತಲುಪಿತ್ತು.

"ಅಲ್ಲಯ್ಯ ಸದಾಶಿವ, ಇದಕ್ಕೆ ಇಷ್ಟು ಯೋಚನೆಯೇನಯ್ಯ? ಮೇಜನ್ನ ಹೊಸ್ತಿಲ ಮ್ಯಾಲೆ ಅಡ್ಡ ಹಾಕು. ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ. ನೀನು ಒಳಗೆ ಕುಂತ್ಕ. ಅವನು ಹೊರಗೆ ನಿಂತ್ಕಳ್ಳಿ. ಮೇಜಿನ ತಂಕ ಬಂದಂಗೂ ಆಯ್ತು, ಮನೆಗೆ ಬರದಂಗೂ ಆಯ್ತು."

"ಮನೆಯೋರು ಓಡಾಡೋದು?"

"ಮೇಜಿನ ಕೆಳಗೆ ತೂರ್ಕಂಡು ಓಡಾಡ್ಲಿ. ಸರ್ಕಾರದ ಕೆಲಸ ಅಂದ್ರೆ ಸ್ವಲ್ಪ ಬಗ್ಗಬೇಕಪ್ಪ."

ಬಾಗಿಲಿಗೆ ಅಡ್ಡ ಬಿದ್ದ ಮೇಜನ್ನು ನೋಡಿದ ಇನ್ಸ್‌ಪೆಕ್ಟರು ನೇರವಾಗಿ ತನ್ನ ಸುಣ್ಣ ಹೊಡೆದ ಕೋಣೆಗೇ ಬರುತ್ತಾರೆಂದು ಪರಮಶಿವಯ್ಯನ ಲೆಕ್ಕ. ಸದಾಶಿವಯ್ಯನಿಗೆ ಆ ಲೆಕ್ಕ ತಿಳಿಯಲಿಲ್ಲ. ಶಿವರುದ್ರಮ್ಮನಿಗಂತೂ ಉಪಾಯ ಬಹಳ ಹಿಡಿಸಿತು. "ಮಡಿಯೂ ಉಳೀತು, ಮೇಜೂ ಉಳೀತು" ಎಂದರು.

ಇಬ್ಬರೂ ಪಂಚೆ ಎತ್ತಿ ಕಟ್ಟಿ ಮೇಜಿನ ಒಂದೊಂದು ತುದಿ ಹಿಡಿದರು. "ಹೂಂ" ಎಂದು ಸದಾಶಿವಯ್ಯ ಎತ್ತಿದ. ಮೇಜು ಏಳಲಿಲ್ಲ, ಸೊಂಟದಲ್ಲಿ ಏನೋ ಎದ್ದಿತು. ಬಗ್ಗಿದವನು ಬಗ್ಗಿದ ಹಾಗೇ ಉಳಿದ. ಪರಮಶಿವಯ್ಯ ತನ್ನ ತುದಿಯನ್ನು ಎತ್ತಿರಲೇ ಇಲ್ಲ. ಬರೀ ಮುಖದಲ್ಲಿ ಭಾರ ತೋರಿಸುತ್ತಿದ್ದ.

"ಇದು ನಮ್ಮಿಂದ ಆಗೋ ಮಾತಲ್ಲ. ಬೋರನ್ನ ಕರೀರಿ," ಎಂದ ಅವನು. "ನಮ್ಮ ಹಿತ್ಲಲ್ಲೇ ಕಾಯಿ ಸುಲೀತಾವ್ನೆ."

ಬೋರ ಒಳಗೆ ಬರದಂತೆ ಮೇಜು ಹಾಕಬೇಕು. ಹಾಕುವುದಕ್ಕೆ ಬೋರನೇ ಒಳಗೆ ಬರಬೇಕು. ಈ ತೊಡಕು ಆ ಮನೆಯಲ್ಲಿ ಗಿರಿಜಾಂಬಿಕಾ ಒಬ್ಬಳಿಗೇ ಕಂಡಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆ ಮನೆಗೆ ಹೋದಳು.

ಬೋರಯ್ಯ ಬಂದು ಅಂಗಳದಲ್ಲಿ ನಿಂತ. ಐವತ್ತರ ಆಳು. ಆ ಮನೆಯ ಅಟ್ಟದ ಮೇಲಿನ ಕಾಯೆಲ್ಲ ಅವನ ತಲೆಯ ಮೇಲೆ ಕೂತೇ ಅಟ್ಟ ಸೇರಿದ್ದು.

"ಲೇ ಬೋರ, ಒಳಗೊಂದು ಮೇಜೈತೆ. ಎತ್ತಿ ಹೊಸ್ತಿಲ ಮ್ಯಾಲೆ ಇಡ್ಲಾ," ಎಂದರು ಶಿವರುದ್ರಮ್ಮ.

"ನಾನು ಒಳಕ್ಕೆ ಬರಂಗಿಲ್ವಲ್ಲವ್ವ."

"ಕೆಲಸಕ್ಕೆ ಬರಬೌದು. ತಲೆ ಮ್ಯಾಲೆ ಹೊರೆ ಇದ್ರೆ ಮೈಲಿಗೆ ಹತ್ತಲ್ಲ. ನಮ್ಮತ್ತೆ ಕಾಲದಿಂದ್ಲೂ ಹಂಗೇ. ಅಟ್ಟಕ್ಕೆ ಕಾಯಿ ಹಾಕಕ್ಕೆ ಬರಲ್ವ?"

ಬೋರಯ್ಯ ತಲೆ ಕೆರೆದುಕೊಂಡ. "ಹೋಗುವಾಗ ಮೇಜಿರತೈತೆ, ಸರಿ. ಬರುವಾಗ ಏನ್ ಹೊತ್ಕಂಡು ಬರ್ಲವ್ವ?"

ಶಿವರುದ್ರಮ್ಮನ ಅತ್ತೆ ಇದನ್ನು ಹೇಳಿಕೊಟ್ಟಿರಲಿಲ್ಲ. ಕಡೆಗೆ ಪರಮಶಿವಯ್ಯ ಒಂದು ಕುಕ್ಕೆಗೆ ಕಾಯಿ ತುಂಬಿಸಿ ಬೋರಯ್ಯನ ತಲೆಗೆ ಏರಿಸಿದ. ಕಾಲಿಡಲು ಜಾಗವಿಲ್ಲದ ಮನೆಗೆ ಇನ್ನೂ ಒಂದು ಕುಕ್ಕೆ ಕಾಯಿ ಬಂತು, ಮಡಿಯ ಸಲುವಾಗಿ.

ಬೋರಯ್ಯ ಮೇಜಿನ ಹತ್ತಿರ ಹೋಗಿ ಕೂತ. ಕುಕ್ಕೆ ಇಳಿಸಿದ ಉಸಿರಿನಲ್ಲೇ ಮೇಜಿನ ಕೆಳಗೆ ತೂರಿ, ಟವಲನ್ನು ಸಿಂಬಿ ಸುತ್ತಿ ತಲೆಗಿಟ್ಟು, "ಶಿವಾ" ಎಂದು ಎದ್ದ. ಮೇಜೂ ಎದ್ದಿತು. ಅವನ ಎರಡು ಕಾಲು, ಮೇಜಿನ ನಾಲ್ಕು ಕಾಲು. ಡ್ರಾಯರಿನಲ್ಲಿ ಬೆಕ್ಕಿನ ಮರಿಗಳ ಕೂಗು. ಆರು ಕಾಲಿನ ಯಾವುದೋ ಮೃಗ ನಡುಮನೆಯಲ್ಲಿ ಮಿಯಾಂವ್ ಎಂದ ಹಾಗಾಯಿತು. ಅದು ತಿರುಗಿತು. ತಿರುಗುವಾಗ ಹಿಂಗಾಲು ರಾಶಿಯ ಬುಡಕ್ಕೆ ತಗುಲಿತು.

ರಾಶಿ ಒಂದು ಗಳಿಗೆ ಯೋಚಿಸಿತು. ಆಮೇಲೆ ಕುಸಿಯಿತು. ಕಾಯಿಗಳು ದಡದಡನೆ ಉರುಳಿ ದೇವರಮನೆಗೆ ಹೋದವು, ಅಡುಗೆ ಮನೆಗೆ ಹೋದವು, ಹೊಸ್ತಿಲು ಹಾರಿ ಬೀದಿಗೂ ಹೋದವು. ಬಗ್ಗಿದ್ದ ಸದಾಶಿವಯ್ಯನ ಕಾಲ ಸಂದಿಯಲ್ಲಿ ಎರಡು ನುಗ್ಗಿ ಅವನನ್ನು ನೆಲಕ್ಕೆ ಕೂರಿಸಿದವು. ಕಾಯೆಲ್ಲ ಸುತ್ತಲ ಗೋಡೆ ಸೇರಿ, ನಡುವೆ ನೆಲ ಕಂಡಿತು. ಆ ಮನೆಯ ನೆಲ ಕೆಂಪು ಗಾರೆಯದೆಂದು ಸೊಸೆಗೆ ಅವತ್ತು ಗೊತ್ತಾಯಿತು.

ಬೋರಯ್ಯ ಬಾಗಿಲಿಗೆ ಹೋದ. ಮೇಜು ಚೌಕಟ್ಟಿಗೆ ಬಡಿಯಿತು. ಅಡ್ಡ ತಿರುಗಿಸಿದ, ಆಗಲೂ ಬಡಿಯಿತು.

"ಹಿಡಿಯಾಕಿಲ್ಲ ಸ್ವಾಮಿ. ಬಾಗ್ಲು ಚಿಕ್ಕದು."

"ಒಳಗೆ ಬಂದಿದ್ದು ಹೊರಗೆ ಹೋಗಲ್ವೇನ್ಲಾ?" ಪರಮಶಿವಯ್ಯ ರೇಗಿದ.

ಶಿವರುದ್ರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಅದು ಬಂದಿದ್ದೇ ಅಲ್ಲ ಕಣಪ್ಪ! ನಮ್ಮಾವ ಆಚಾರೀನ ಇಲ್ಲೇ ಕುಂಡ್ರಿಸ್ಕಂಡು ಮಾಡ್ಸಿದ್ರು!"

"ಹಂಗಾದ್ರೆ ಎಲ್ಲಿ ಇಳಿಸ್ಲವ್ವ?" ಬೋರಯ್ಯನ ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು.

"ಇಳಿಸ್ಬ್ಯಾಡ! ಇಳಿಸಿದ್ರೆ ಮೈಲಿಗೆ!"

"ಇದ್ದ ಜಾಗಕ್ಕೇ ಇಡು" ಎಂದ ಪರಮಶಿವಯ್ಯ. ಇದ್ದ ಜಾಗದ ತುಂಬ ಕಾಯಿ. "ಅಡುಗೆ ಮನೇಗೆ" ಎಂದ ಸದಾಶಿವಯ್ಯ ಕೂತಲ್ಲಿಂದ. "ಅಡುಗೆ ಮನೇಗಾ?" ಎಂದು ಶಿವರುದ್ರಮ್ಮ ಕಿರುಚಿದರು. ಮೂವರೂ ಮೂರು ದಿಕ್ಕು ತೋರಿಸಿದರು. ಬೋರಯ್ಯ ಮೂರು ದಿಕ್ಕಿಗೂ ತಿರುಗಿ ನೋಡಿದ. ಆಮೇಲೆ ನಡುಮನೆಯ ನಟ್ಟನಡುವೆ ಮೊಣಕಾಲೂರಿ ಮೇಜನ್ನು ಇಳಿಸಿದ.

"ಪೋಸ್ಟ್ ಮಾಸ್ಟರ್ ಮನೆ ಇದೇನಾ?"

ಬಾಗಿಲಲ್ಲಿ ಇನ್ಸ್‌ಪೆಕ್ಟರು. ಕೈಯಲ್ಲಿ ಬೀದಿಯಲ್ಲಿ ಸಿಕ್ಕಿದ ಒಂದು ತೆಂಗಿನಕಾಯಿ. ಶಿವರುದ್ರಮ್ಮ ಸರ್ರನೆ ದೇವರಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಬೋರಯ್ಯ ಮೇಜಿನ ಕೆಳಗಿನಿಂದ ಹೊರಗೆ ಬಂದು, ಮೇಜಿಗೆ ಕೈಯೂರಿ ನಿಂತು ಬೆವರೊರೆಸಿಕೊಂಡ. ಆಚೆ ಬದಿಯಲ್ಲಿ ಸದಾಶಿವಯ್ಯ ಮೇಜಿನ ಅಂಚು ಹಿಡಿದು, ಬಾವಿಯಿಂದ ಹತ್ತಿ ಬರುವವನಂತೆ ಮೆಲ್ಲಗೆ ಎದ್ದ. ಗಿರಿಜಾಂಬಿಕಾ ಸದ್ದಿಲ್ಲದೆ ತಕ್ಕಡಿ, ಮುದ್ರೆ, ಸ್ಟಾಂಪಿನ ಡಬ್ಬಿ ತಂದು ಮೇಜಿನ ಮೇಲೆ ಜೋಡಿಸಿದಳು.

"ಇವರು ಯಾರು?"

"ಬೋರ... ಬೋರಯ್ಯ ಸಾರ್."

"ಕಾಗದ ಕಳಕೊಂಡ ಬೋರಯ್ಯನವರಾ?"

ಬೋರಯ್ಯ ಹಿಂದೆ ತಿರುಗಿ ನೋಡಿದ. ತನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬೇರೆ ಯಾರೋ ಬಂದಿದ್ದಾರೆಂದುಕೊಂಡ.

"ನಾನೇ ಸ್ವಾಮಿ."

ಇನ್ಸ್‌ಪೆಕ್ಟರು ಮೇಜಿನ ಸುತ್ತ ಒಂದು ಸುತ್ತು ಬಂದರು. ಎಡವುವಂಥದ್ದು ಏನೂ ಇರಲಿಲ್ಲ. "ಪುಟ್ಟ ಮನೆ. ಎಲ್ಲ ಗೋಡೆಗೆ ಒತ್ತರಿಸಿ ನಡುವೆ ಜನಕ್ಕೆ ಬಿಟ್ಟಿದ್ದೀರಿ. ಇರೋ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದನ್ನು ನಾನು ನೋಡಿರಲಿಲ್ಲ ಸದಾಶಿವಯ್ಯನವರೇ. ಹೇಗೆ ಹೊಳೆಯಿತು?"

"ಅದು... ಹಂಗೇ ಆಗೋಯ್ತು ಸಾರ್," ಎಂದ ಸದಾಶಿವಯ್ಯ. ಜೀವಮಾನದಲ್ಲಿ ಅವನಾಡಿದ ಅತ್ಯಂತ ನಿಜವಾದ ಮಾತು ಅದು.

ಪರಮಶಿವಯ್ಯ ಮುಂದೆ ಬಂದ. "ನಮ್ಮನೇಲಿ ಒಂದು ಕೋಣೆ ಐತೆ ಸ್ವಾಮಿ, ಗಾಳಿ ಬೆಳಕು..."

"ಬೇಕಾಗಿಲ್ಲ." ಇನ್ಸ್‌ಪೆಕ್ಟರು ಜೇಬಿನಿಂದ ಸೀಮೆಸುಣ್ಣ ತೆಗೆದು, ಮೇಜಿನ ನಾಲ್ಕು ಕಾಲಿನ ಸುತ್ತಲೂ ಗೆರೆ ಎಳೆದರು. "ಮೇಜು ಇದೇ ಗೆರೆಯಲ್ಲಿರಬೇಕು. ಜನ ಇದೇ ದಾರಿಯಲ್ಲಿ ಬರಬೇಕು, ಎಲ್ಲರೂ. ಇಷ್ಟು ಚೆನ್ನಾಗಿರುವಾಗ ಪಕ್ಕದ ಎರಡು ಹಳ್ಳಿಯ ಟಪಾಲನ್ನೂ ಇಲ್ಲಿಗೇ ಕಳಿಸುತ್ತೇವೆ."

"ಸಂಬಳ ಸಾರ್?"

"ಸಂಬಳ ಅಷ್ಟೇ. ಗೌರವ ಜಾಸ್ತಿ."

ಬಂದ ಬಸ್ಸು ಹಂದನಕೆರೆಗೆ ಹೋಗಿ ತಿರುಗುವಷ್ಟರಲ್ಲಿ ಅವರು ಮಜ್ಜಿಗೆ ಕುಡಿದು ಹೊರಟೇಬಿಟ್ಟರು. ಅಂಚೆ ಕಚೇರಿ ಉಳಿದಿತ್ತು. ಸದಾಶಿವಯ್ಯ ನಗಲು ಹೋದ, ಸೊಂಟ ಬಿಡಲಿಲ್ಲ.

"ಖುಷಿ ಪಡಪ್ಪ," ಎಂದ ಪರಮಶಿವಯ್ಯ. "ನಾಳೆಯಿಂದ ಮೂರು ಊರು ನಿನ್ನ ನಡುಮನೇಲಿ. ನೀನು ಮಲಗಾಕೆ ಎಲ್ಲಿ ಹೋಗ್ತೀಯ? ಬೇಕಾದ್ರೆ ನಮ್ಮ ಕೋಣೆ ಐತೆ, ಬಾಡಿಗೆಗೆ."

ದೇವರಮನೆಯ ಬಾಗಿಲು ತೆರೆಯಿತು. ಶಿವರುದ್ರಮ್ಮ ಸೀಮೆಸುಣ್ಣದ ಗೆರೆ ನೋಡಿದರು. ಮೇಜಿಗೆ ಕೈಯೂರಿ ಇನ್ನೂ ನಿಂತಿದ್ದ ಬೋರಯ್ಯನನ್ನು ನೋಡಿದರು. ಅವನ ತಲೆ ನೋಡಿದರು. ಸಿಂಬಿಯ ಮೇಲೆ ಏನೂ ಇರಲಿಲ್ಲ.

"ಲೇ ಬೋರ! ಬರೀ ತಲೇಲಿ ನಿಂತಿದ್ದೀಯಲ್ಲೋ! ಎತ್ಲಾ ಮೇಜ! ತಲೆ ಮ್ಯಾಲೆ ಇಟ್ಕಳ್ಲಾ!"

"ಇಟ್ಕಂಡು?"

"ಇಟ್ಕಂಡು ನಿಂತಿರು! ಕಾಯಿ ಅತ್ಲಾಗೆ ಸರ್ಸಿ ಹಳೇ ಜಾಗ ಬುಡಿಸ್ತೀವಿ."

"ಹೇಳ್ದಂಗೆ ಕೇಳು ಬೋರಯ್ಯ," ಸದಾಶಿವಯ್ಯ ಬಗ್ಗಿಕೊಂಡೇ ಗೋಗರೆದ. "ಮೇಜು ಇಲ್ಲಿದ್ರೆ ಅವ್ವ ಉಣ್ಣಲ್ಲ. ಇಲ್ಲಿಂದ ತೆಗೆದ್ರೆ ನನ್ನ ಕೆಲಸ ಹೋಗತೈತೆ. ಈಗೊಂದು ಸಲ ಎತ್ತು, ಇನ್ನೊಂದು ಸಲ ಅವರು ಬರುವಾಗ ಇಲ್ಲಿಗೇ ಇಡೋವಂತೆ. ನಿನಗೇನು, ಹೊರೋದು ಅಭ್ಯಾಸ ಐತೆ."

ಬೋರಯ್ಯ ತಲೆಯ ಸಿಂಬಿ ಬಿಚ್ಚಿದ. ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಅಂಗಿ ಜೇಬಿನಿಂದ ಚಿಲ್ಲರೆ ತೆಗೆದು ತಕ್ಕಡಿಯ ಪಕ್ಕದಲ್ಲಿಟ್ಟ.

"ಒಂದು ಇನ್‌ಲ್ಯಾಂಡ್ ಲೆಟರ್ ಕೊಡಿ ಸ್ವಾಮಿ. ಮಗಳಿಗೆ ಬರೆಸ್ಬೇಕು. ಇಲ್ಲೇ ನಿಂತು ಬರೆಸ್ತೀನಿ."

"ಮೊದ್ಲು ಮೇಜು ಎತ್ಲಾ!" ಎಂದರು ಶಿವರುದ್ರಮ್ಮ.

"ಇಲ್ಲ ಕಣವ್ವ," ಎಂದ ಬೋರಯ್ಯ. "ನಾನು ಎತ್ತಾಕಿಲ್ಲ."